ಒಂದೇ ಬಳಿಯವರು

ಗರಗಸ ತಿರುಗುತ್ತಿತ್ತು.

ಅದಕ್ಕೂ ನನ್ನ ಎಡಗೈಗೂ ನಡುವೆ ಇದ್ದದ್ದು ಒಂದು ಗೇಣು. ಇಬ್ಬರು ಆಳುಗಳು ಕೈಯನ್ನು ಹಲಗೆಗೆ ಒತ್ತಿ ಹಿಡಿದಿದ್ದರು. ಎದುರಿನ ಕುರ್ಚಿಯಲ್ಲಿ ಎಲೆ ಅಡಿಕೆ ಜಗಿಯುತ್ತಾ ಕೂತವನು ಜತ್ತಪ್ಪ. ಬೆಳ್ತಂಗಡಿಯ ಆ ಮರದ ಮಿಲ್ಲು ಅವನದೇ.

“ಹೆಸರು ಹೇಳು ಮಾರಾಯ. ನನ್ನ ಹೆಂಡತಿ ಮೂಡುಬಿದಿರೆಗೆ ಹೋಗಿ ಯಾರನ್ನು ನೋಡ್ತಾಳೆ?”

“ಗೊತ್ತಿಲ್ಲ ಜತ್ತಪ್ಪಣ್ಣ.”

“ನಿನ್ನನ್ನು ಇಟ್ಟದ್ದೇ ಅದಕ್ಕಲ್ವಾ?”

ಮಾತು ನಿಜ. ನನ್ನ ಕಸುಬು ಗೊತ್ತಲ್ಲ ನಿಮಗೆ? ಮದುವೆಗೆ ಮೊದಲು ಗಂಡು-ಹೆಣ್ಣಿನ ಹಿನ್ನೆಲೆ ತೆಗೆದುಕೊಡುವುದು. ಕುಡಿತ ಉಂಟೋ, ಕೇಸು ಉಂಟೋ, ಕುಲದ ಬಳಿ ಯಾವುದು... ಇಂಥದ್ದು. ಮದುವೆಯ ನಂತರದ ಕೇಸನ್ನು ನಾನು ಹಿಡಿಯುವವನಲ್ಲ. ಆದರೆ 1998ರಲ್ಲಿ ಜತ್ತಪ್ಪನಿಗೆ ಆಗುವುದಿಲ್ಲ ಎನ್ನುವ ಗಂಡಸು ಆ ಊರಿನಲ್ಲಿ ಇರಲಿಲ್ಲ.

ಅವನ ಹೆಂಡತಿ ಕಾಂತಕ್ಕನ ಹಿಂದೆ ಸುತ್ತಿದೆ. ನಾರಾವಿಯ ತವರಿಗೆ ಎಂದು ಹೊರಟವಳು ಅಲ್ಲಿಂದ ಮೂಡುಬಿದಿರೆಯ ಬಸ್ಸು ಹತ್ತುತ್ತಿದ್ದಳು. ಅವಳನ್ನು ನೋಡಲು ಬಂಟ್ವಾಳದಿಂದ ಒಬ್ಬ ಬರುತ್ತಿದ್ದ. ಹೆಸರು ನೋಣಯ್ಯ, ಟೈಲರ್. ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ, ಮಕ್ಕಳು. ಬಸ್ ಸ್ಟ್ಯಾಂಡಿನ ಹತ್ತಿರದ ಐಸ್‌ಕ್ರೀಮ್ ಪಾರ್ಲರಿನಲ್ಲಿ ಇಬ್ಬರಿಗೂ ಸೇರಿ ಒಂದು ಗಡ್‌ಬಡ್, ಎರಡು ಚಮಚ. ಹಣ್ಣಿನ ಚೂರುಗಳನ್ನೆಲ್ಲ ಅವನು ಅವಳ ಕಡೆಗೆ ದೂಡುತ್ತಿದ್ದ. ಅವಳು ನಗುತ್ತಿದ್ದಳು.

ಅಷ್ಟೇ. ಲಾಡ್ಜಿಲ್ಲ, ಕಾರಿಲ್ಲ... ಇಷ್ಟು ಸಪ್ಪೆ ಕೇಸು ನಾನು ಕಂಡಿರಲಿಲ್ಲ. ಆದರೂ ಪಕ್ಕದ ಟೇಬಲಿನಲ್ಲಿ ಶರಬತ್ತು ಕುಡಿಯುತ್ತಾ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ನೋಡಿ ಯಾರೂ ಹಾಗೆ ನಕ್ಕಿಲ್ಲ.

ಅದಕ್ಕೇ ‘ಏನೂ ಇಲ್ಲ’ ಎಂದು ರಿಪೋರ್ಟ್ ಕೊಟ್ಟೆ. ಆದರೆ ಬೇರೆ ಯಾರೋ ಪುಣ್ಯಾತ್ಮರು ಜತ್ತಪ್ಪನ ಕಿವಿಗೆ ಪಾರ್ಲರಿನ ಸುದ್ದಿ ಮುಟ್ಟಿಸಿದ್ದರು. ಹೆಸರೊಂದೇ ಬಾಕಿ.

ಕೈ ಮುಂದಕ್ಕೆ ಜಾರಿತು. ಗರಗಸದ ಗಾಳಿ ಬೆರಳಿಗೆ ತಾಗಿತು...

ಕರೆಂಟ್ ಹೋಯಿತು!

ಆ ಬೇಸಗೆಯಲ್ಲಿ ಊರಿಗೆ ಊರೇ ಕರೆಂಟಿಗೆ ಶಾಪ ಹಾಕುತ್ತಿತ್ತು. ನಾನೊಬ್ಬ ಹಾಕಿಲ್ಲ. ಆಳುಗಳು ತಲೆಯೆತ್ತಿ ಬಲ್ಬು ನೋಡಿದರು. ಒಬ್ಬನ ಮೊಣಕಾಲಿಗೆ ಒದ್ದೆ, ಇನ್ನೊಬ್ಬನ ಕಣ್ಣಿಗೆ ಮರದ ಹುಡಿ ಎರಚಿದೆ, ಬೈಕು ಹತ್ತಿದೆ.

“ಹೋಗಲಿ ಅವನು. ಜೀಪು ತೆಗೆ, ನಾವು ಪಾರ್ಲರಿಗೇ ಹೋಗುವ,” ಎಂದ ಜತ್ತಪ್ಪ, ಹಿಂದಿನಿಂದ.

ಕಾಂತಕ್ಕ ಬೆಳಿಗ್ಗೆಯೇ ತವರಿಗೆಂದು ಹೊರಟಿದ್ದಳು; ಅಂದು ಅವರು ಸೇರುವ ದಿನ. ನನಗೂ ಗೊತ್ತಿತ್ತು.

ಗುರುವಾಯನಕೆರೆ ದಾಟುವಾಗಲೇ ಜೀಪು ಬೆನ್ನಿಗೆ ಬಿತ್ತು. ವೇಣೂರಿನ ತಿರುವಿನಲ್ಲಿ ಅದರ ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ತಾಗಿತು. ಎದುರಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿನ ಮೂಗಿನ ಕೆಳಗೇ ಬೈಕು ನುಗ್ಗಿಸಿದೆ. ಬಸ್ಸಿನ ಡ್ರೈವರ್ ನನ್ನ ಅಪ್ಪನನ್ನೂ ಅಜ್ಜನನ್ನೂ ಬಾಯ್ತುಂಬ ವಿಚಾರಿಸಿಕೊಂಡ. ಜೀಪು ಚರಂಡಿಗಿಳಿಯಿತು. ಅದನ್ನು ಎತ್ತುವಷ್ಟು ಹೊತ್ತು ನನಗೆ ಸಿಕ್ಕಿತು.

ಪಾರ್ಲರಿಗೆ ನುಗ್ಗಿ, ಜತ್ತಪ್ಪ ಬರುತ್ತಿದ್ದಾನೆ, ಎದ್ದು ಓಡಿ ಎಂದೆ. ನೋಣಯ್ಯ ಏಳಲಿಲ್ಲ. ತಾನು ಓಡಿದರೆ ಇವಳೊಬ್ಬಳೇ ಸಿಕ್ಕಿಬೀಳುತ್ತಾಳೆ ಎಂದ.

“ಒಮ್ಮೆ ಬಿಟ್ಟು ಹೋದದ್ದು ಸಾಕು,” ಎಂದ.

ಆ ಕತೆಯನ್ನೂ ನಾನು ತೆಗೆದಿದ್ದೆ. ಪ್ರಾಯದಲ್ಲಿ ಇಬ್ಬರೂ ಮೆಚ್ಚಿಕೊಂಡಿದ್ದರು. ಹಿರಿಯರು ಬಳಿ ವಿಚಾರಿಸಿದರು. ನಮ್ಮಲ್ಲಿ ಬಳಿ ಎಂದರೆ ತಾಯಿಯಿಂದ ಬರುವ ಕುಲದ ಹೆಸರು. ಒಂದೇ ಬಳಿಯಾದರೆ ಪರಿಚಯವೇ ಇಲ್ಲದವರೂ ಅಣ್ಣ-ತಂಗಿ. ಇವರಿಬ್ಬರದೂ ಒಂದೇ. ಮದುವೆಯ ಮಾತು ಅಲ್ಲಿಗೇ ನಿಂತಿತು. ಅವಳನ್ನು ಜತ್ತಪ್ಪನಿಗೆ ಕೊಟ್ಟರು, ಅವನಿಗೆ ಬಂಟ್ವಾಳದಲ್ಲಿ ಹೆಣ್ಣು ನೋಡಿದರು.

ಹೊರಗೆ ಬ್ರೇಕಿನ ಸದ್ದು.

ಜತ್ತಪ್ಪ ಕತ್ತಿ ಹಿಡಿದೇ ಒಳಗೆ ಬಂದ. ಪಾರ್ಲರಿನವನು ಫ್ರಿಜ್ಜಿನ ಹಿಂದೆ ಮಾಯವಾದ. ನನ್ನ ಹತ್ತಿರ ಪಿಸ್ತೂಲಿಲ್ಲ, ಚೂರಿಯಿಲ್ಲ. ಇದ್ದದ್ದು ಕಸುಬಿನ ಒಂದು ಪ್ರಶ್ನೆ.

“ಜತ್ತಪ್ಪಣ್ಣ, ಕಡಿಯುವ ಮೊದಲು ಇವರದ್ದು ಯಾವ ಬಳಿ ಅಂತ ಕೇಳಿ.”

ನೋಣಯ್ಯನಿಗೆ ಅರ್ಥವಾಯಿತು. ಬಾಯಿ ಬಿಡಲಿಲ್ಲ. ಸಾಯಲು ತಯಾರಿದ್ದ ಆಸಾಮಿ ಅದೊಂದನ್ನು ಹೇಳಲು ತಯಾರಿರಲಿಲ್ಲ. ಕತ್ತಿ ಮೇಲಕ್ಕೆ ಹೋಯಿತು...

ಹೇಳಿದವಳು ಕಾಂತಕ್ಕ.

“ನನ್ನದೇ ಬಳಿ. ಇವರು ನನಗೆ ಅಣ್ಣ ಆಗಬೇಕು.”

ಗಂಡನ ಮುಖ ನೋಡಿಯೇ ಹೇಳಿದಳು. ನೋಣಯ್ಯ ಮಾತ್ರ ಕತ್ತಿಯ ಪೆಟ್ಟು ತಿಂದವನಂತೆ ಕಣ್ಣು ಮುಚ್ಚಿದ. ನನಗೆ ಸಂಕಟವಾಯಿತು. ಆದರೂ ಅವನ ತಾಯಿಯ ಮನೆ, ಅಜ್ಜಿಯ ಮನೆ ಎಲ್ಲವನ್ನೂ ಜತ್ತಪ್ಪನ ಮುಂದೆ ಒದರಿದೆ. ಒಂದೂ ಸುಳ್ಳಿರಲಿಲ್ಲ.

ಜತ್ತಪ್ಪ ಕತ್ತಿ ಇಳಿಸಿದ. ಬೆವರು ಒರೆಸಿಕೊಂಡ. ಅಣ್ಣನನ್ನು ಮನೆಗೆ ಕರೆಯುವ ಬದಲು ಬಸ್ ಸ್ಟ್ಯಾಂಡಿನಲ್ಲಿ ಕೂರಿಸುತ್ತಾರಾ ಎಂದು ಹೆಂಡತಿಯನ್ನೇ ಗದರಿದ. ಕಾಂತಕ್ಕನಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಮಗಳ ಮದುವೆಗೆ ಸೋದರಮಾವನಾಗಿ ಯಾರನ್ನು ನಿಲ್ಲಿಸುವುದೆಂಬುದು ಅವನಿಗೆ ದೊಡ್ಡ ಕೊರಗಾಗಿತ್ತು. ನೋಣಯ್ಯನ ಎರಡೂ ಕೈ ಹಿಡಿದ.

“ನೀವೇ ನಿಲ್ಲಬೇಕು ಭಾವ.”

ಬೆಳ್ತಂಗಡಿಯ ಸಭಾಭವನದಲ್ಲಿ ಮಗಳ ಮದುವೆ ಜೋರಾಗಿ ನಡೆಯಿತು. ನೋಣಯ್ಯ ಬಿಳಿ ಮುಂಡು ಉಟ್ಟು ಮಾವನ ಶಾಸ್ತ್ರವನ್ನೆಲ್ಲ ಮಾಡಿದ. ತಂಗಿಗೆಂದು ಸೀರೆ ತಂದಿದ್ದ. ಅವಳು ನಾನೂರು ಜನರ ಎದುರು ತೆಗೆದುಕೊಂಡಳು. ಅಣ್ಣ, ಊಟ ಮಾಡದೆ ಹೋಗಬೇಡಿ ಎಂದಳು. ಅವನ ಹೆಂಡತಿಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಪಾರ್ಲರಿಗೆ ಅವರು ಮತ್ತೆ ಹೋಗಲಿಲ್ಲ.

ಕೈ ತೊಳೆಯುವ ನಳ್ಳಿಯ ಹತ್ತಿರ ನೋಣಯ್ಯ ನನಗೆ ಸಿಕ್ಕಿದ. ತುಂಬಾ ಹೊತ್ತು ಕೈ ತೊಳೆದ.

“ಆ ದಿನ ನೀವು ಸುಮ್ಮನಿದ್ದಿದ್ದರೆ ಒಂದೇ ಪೆಟ್ಟಿಗೆ ಮುಗೀತಿತ್ತು,” ಎಂದ.

ಪಾಯಸ ಬಡಿಸುತ್ತಿದ್ದಾರೆ, ಖಾಲಿಯಾಗುವ ಮೊದಲು ಬನ್ನಿ ಎಂದೆ.