ಆಡಿದರೆ ಮಣ್ಣು, ತಿಂದರೆ ಮಣ್ಣಿ

ಸೋಮವಾರ ಬೆಳಿಗ್ಗೆ ಮಣಿಕಟ್ಟೆಯ ರಾಜಕುಮಾರಿಯ ಬಾಯಿ ಅಂಟಿಕೊಂಡಿತು. ಅವಳ ಹೆಸರು ಮುದ್ದಮ್ಮಣ್ಣಿ. ವಯಸ್ಸು ಮೂರು. ಅಳಲು ನೋಡಿದಳು, ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿನ ನಲವತ್ತು ಎಳೆಮಕ್ಕಳಿಗೂ ಹಾಗೇ ಆಯಿತು. ಊರಿನಲ್ಲಿ ಕಾಗೆಗಳ ಸದ್ದು ಮಾತ್ರ ಉಳಿಯಿತು.

ಹಿಂದಿನ ದಿನ ಜಿಗಟಯ್ಯ ಬಂದುಹೋಗಿದ್ದ. ಅವನು ಮಾಟಗಾರ. ಕಪ್ಪೆಯ ಮೇಲೆ ಕೂತು ಓಡಾಡುತ್ತಿದ್ದ. ಕಪ್ಪೆ ಎಮ್ಮೆಯಷ್ಟಿತ್ತು. ಅವನು ಮಕ್ಕಳಿಗೆಲ್ಲ ಒಂದೊಂದು ಹಸಿರು ಲೋಳೆಯುಂಡೆ ಹಂಚಿದ. ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು.

"ಆಡಿ ಮಕ್ಕಳೇ, ಚೆನ್ನಾಗಿ ಆಡಿ. ಬಾಯಿಗೆ ಮಾತ್ರ ಹಾಕಬೇಡಿ," ಎಂದ.

ಬೇಡ ಎಂದಮೇಲೆ ಹಾಕದ ಮಗು ಯಾವ ರಾಜ್ಯದಲ್ಲೂ ಇಲ್ಲ. ಜಿಗಟಯ್ಯನಿಗೆ ಅದು ಗೊತ್ತಿತ್ತು.

ಸಂಜೆ ಅವನು ಅರಮನೆಯ ಅಂಗಳಕ್ಕೆ ಬಂದ. ಕಪ್ಪೆಯ ಗಂಟಲೊಳಗಿಂದ ಮಕ್ಕಳ ಅಳು, ನಗು, ಹಟ ಎಲ್ಲ ಕೇಳುತ್ತಿತ್ತು. ದೊರೆ ಚಿಕ್ಕರಸ ಬರಿಗಾಲಲ್ಲಿ ಓಡಿಬಂದ.

"ನಲವತ್ತು ದನಿಯೂ ಇದರ ಹೊಟ್ಟೆಯಲ್ಲಿವೆ ದೊರೆ," ಎಂದ ಜಿಗಟಯ್ಯ. "ಇದು ಬಾಯಿ ತೆರೆದರೆ ಹಾರಿಹೋಗುತ್ತವೆ. ಆದರೆ ತೆರೆಯುವುದಿಲ್ಲ. ಮೂರು ದಿನದಲ್ಲಿ ಕರಗುತ್ತವೆ. ಆಮೇಲೆ ನಿನ್ನ ಮಗಳಿಗೆ ಮಾತಿಲ್ಲ, ನಗುವಿಲ್ಲ."

"ಏನು ಬೇಕು ಕೇಳು."

"ಏನೂ ಬೇಡ. ಪಂದ್ಯ ಕಟ್ಟು. ನನ್ನದರ ಹಾಗೆ ಒಂದು ಉಂಡೆ ಮಾಡಿಸು. ಒಂದು ಮಾರು ಎಳೆದರೂ ಹರಿಯಬಾರದು. ರೇಷ್ಮೆಯ ಮೇಲಿಟ್ಟರೂ ಅಂಟಬಾರದು. ಆಡಿದರೆ ಮಣ್ಣು, ತಿಂದರೆ ಮಣ್ಣಿ ಆಗಬೇಕು. ಐದು ವರ್ಷ ದಾಟದ ಕೈಗಳೇ ಅದನ್ನು ನಾದಿರಬೇಕು. ಮಾಡಿಸಿದರೆ ದನಿ ನಿಮ್ಮದು. ಇಲ್ಲದಿದ್ದರೆ ರಾಜ್ಯವೂ ನನ್ನದು. ಗುರುವಾರ ಬರುತ್ತೇನೆ."

ಕಪ್ಪೆ ಕೋಟೆ ಹಾರಿಹೋಯಿತು.

ಪಂಡಿತರು ಓಲೆಗರಿ ಬಿಚ್ಚಿದರು. ಅಂಥ ಉಂಡೆ ಮಾಡುವ ಬಗೆ ಎಲ್ಲೂ ಸಿಗಲಿಲ್ಲ. ಆಗ ಅಡುಗೆಮನೆಯಿಂದ ದೇವೀರಿ ಬಂದಳು. ಎಳೆಮಕ್ಕಳಿಗೆ ಕೂವೆ ಹಿಟ್ಟಿನ ಮಣ್ಣಿ ಕಾಯಿಸುವುದು ಅವಳ ಕೆಲಸ. ಕೆಲಸ ಸರಿಯಾಗಿ ಬರುತ್ತಿರಲಿಲ್ಲ. ಮಣ್ಣಿ ಗಂಜಿಯ ಹಾಗೆ ತೆಳ್ಳಗಿರಬೇಕು. ಅವಳದು ಚಮಚಕ್ಕೆ ಅಂಟಿ ಚಮಚದ ಜೊತೆಗೇ ಏಳುತ್ತಿತ್ತು.

ಅರಮನೆಯ ಅಡುಗೆಮನೆಗೆ ಒಂದು ನಿಯಮವಿತ್ತು. ಮಾಡಿದವರೇ ಮೊದಲು ತಿನ್ನಬೇಕು. ವಿಷದ ಭಯಕ್ಕೆ ಯಾವುದೋ ಕಾಲದಲ್ಲಿ ಮಾಡಿದ ನಿಯಮ. ಹಾಗಾಗಿ ಮಣಿಕಟ್ಟೆಯಲ್ಲಿ ಕೆಟ್ಟ ಮಣ್ಣಿಯನ್ನು ದೇವೀರಿಯಷ್ಟು ತಿಂದವರು ಯಾರೂ ಇರಲಿಲ್ಲ.

"ನಾನು ಮಾಡಿಸುತ್ತೇನೆ ಬುದ್ಧಿ," ಎಂದಳು.

ಬಾಣಸಿಗ ಹುಚ್ಚಯ್ಯ ನಕ್ಕ. "ಇವಳ ಮಣ್ಣಿ ತಿನ್ನಲು ಗುದ್ದಲಿ ಬೇಕು ದೊರೆ."

"ಅದಕ್ಕೇ ಬಂದೆ, ಮಾವ. ಈಗ ಬೇಕಾಗಿರುವುದು ಕೆಟ್ಟ ಮಣ್ಣಿಯೇ."

ದೊರೆ ಒಪ್ಪಿದ. ಬೇರೆ ದಾರಿ ಇರಲಿಲ್ಲ.

ಮಂಗಳವಾರ ದೇವೀರಿ ಕೂವೆ ಹಿಟ್ಟನ್ನು ನೀರು, ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿದಳು. ಆರಿಸಿ ಚಾಪೆಯ ಮೇಲೆ ಮಕ್ಕಳ ಮುಂದೆ ಇಟ್ಟಳು. ನಲವತ್ತು ಮಕ್ಕಳು ಸದ್ದಿಲ್ಲದೆ ನಾದಿದರು. ನಾದಿದ್ದನ್ನು ಎಳೆದಳು. ಗೇಣುದ್ದಕ್ಕೆ ಹರಿಯಿತು.

"ಗೋಡೆ ಕಟ್ಟಬಹುದು," ಎಂದ ಹುಚ್ಚಯ್ಯ.

ದೇವೀರಿ ನಿಯಮದಂತೆ ತಿಂದಳು.

ಬುಧವಾರ ಕಾಮಕಸ್ತೂರಿ ಬೀಜ ನೆನೆಸಿದಳು. ಒಂದೊಂದು ಬೀಜವೂ ಲೋಳೆ ಹೊದ್ದು ಉಬ್ಬಿತು. ಕೈಯಲ್ಲಿ ನಿಲ್ಲಲಿಲ್ಲ. ಬೆರಳ ಸಂದಿನಲ್ಲಿ ಇಳಿದುಹೋಯಿತು. ಒಬ್ಬ ಹುಡುಗ ತಲೆಗೆ ಸುರಿದುಕೊಂಡ. ಇನ್ನೊಬ್ಬಳು ಅವನ ತಲೆ ನಾದಿದಳು.

"ಕಪ್ಪೆಮೊಟ್ಟೆ," ಎಂದ ಹುಚ್ಚಯ್ಯ.

ದೇವೀರಿ ಅದನ್ನೂ ತಿಂದಳು. ಬೀಜಗಳು ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡವು.

ಮಕ್ಕಳು ಬಡವಾಗುತ್ತಿದ್ದರು. ತುಟಿಯ ಮೂಲೆಯಲ್ಲಿ ಒಂದು ಸಣ್ಣ ಸಂದು ಮಾತ್ರ ಉಳಿದಿತ್ತು. ಅಮ್ಮಂದಿರು ಪರಂಗಿ ಎಲೆಯ ಎಳೆ ದಂಟನ್ನು ಅಲ್ಲಿ ತೂರಿಸಿ ಅಂಬಲಿ ಕುಡಿಸುತ್ತಿದ್ದರು. ರಾಣಿಯೂ ಹಾಗೇ ಕುಡಿಸುತ್ತಿದ್ದಳು, ಬೇರೆಯವರಿಗೆ ಕಾಣದಂತೆ ಕಣ್ಣು ಒರೆಸಿಕೊಂಡು.

ಗುರುವಾರ ಬೆಳಿಗ್ಗೆ ದೇವೀರಿ ಮತ್ತೆ ಕೂವೆ ಕಾಯಿಸಿ ಆರಲು ಇಟ್ಟಳು. ಬಸಳೆ ಹಣ್ಣಿನ ರಸ ಬೆರೆಸಿದ್ದಳು. ನೇರಳೆ ಬಣ್ಣ ಬಂದಿತ್ತು. ಪಕ್ಕದಲ್ಲಿ ನಿನ್ನೆಯಂತೆಯೇ ನೆನೆಸಿದ ಬೀಜದ ಬೋಗುಣಿ ಇತ್ತು. ಇನ್ನೇನು ಮಾಡುವುದು ಅವಳಿಗೆ ತಿಳಿದಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು ಕೂತಳು.

ಮುದ್ದಮ್ಮಣ್ಣಿ ಎದ್ದಳು. ಬೀಜದ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಕೂವೆಯ ಮೇಲೆ ಸುರಿದಳು.

"ಅಯ್ಯೋ ಕೂಸೇ!"

ಮಕ್ಕಳೆಲ್ಲ ಕೈ ಹಾಕಿಯಾಗಿತ್ತು. ನಾದಿದರು. ಗುದ್ದಿದರು. ಮೊಣಕೈವರೆಗೆ ಮುಳುಗಿದರು. ದೇವೀರಿ ಒಂದು ತುದಿ ಹಿಡಿದು ಎಳೆದಳು. ಗೇಣು ಬಂತು. ಮೊಳ ಬಂತು. ಮಾರು ಬಂತು. ಹರಿಯಲಿಲ್ಲ.

ಆದರೆ ಅಂಟುತ್ತಿತ್ತು. ಕೈಗೆ ಕೈ ಅಂಟಿತು, ಕೈಗೆ ಕೂದಲು ಅಂಟಿತು. ನೋಡಲು ಬಂದ ಹುಚ್ಚಯ್ಯನ ಗಡ್ಡವೂ ಅಂಟಿತು.

"ಎಂಥಾ ಅಡುಗೆಯವಳೇ ನೀನು!" ಎಂದು ಕೂಗಿದ. "ಹೋಳಿಗೆ ತಟ್ಟುವಾಗ ಕೈಗೆ ತುಪ್ಪ ಸವರುವುದಿಲ್ಲವೇ?"

ದೇವೀರಿ ಅವನನ್ನೇ ನೋಡಿದಳು. ಆಮೇಲೆ ಮಕ್ಕಳ ಎಂಬತ್ತು ಅಂಗೈಗೂ ತುಪ್ಪ ಸವರಿದಳು. ಇನ್ನೊಂದು ಗಳಿಗೆ ನಾದಿಸಿದಳು. ಉಂಡೆ ಕೈ ಬಿಟ್ಟಿತು. ಗಡ್ಡವನ್ನೂ ಬಿಟ್ಟಿತು.

ಹೊತ್ತು ನೆತ್ತಿಗೆ ಬಂದಾಗ ಜಿಗಟಯ್ಯ ಬಂದ. ಕಪ್ಪೆ ಆನೆಯಷ್ಟಾಗಿತ್ತು. ಒಳಗಿನ ದನಿಗಳು ಮಾತ್ರ ಸೋತಿದ್ದವು, ದೂರದ ಕೆರೆಯಿಂದ ಕೇಳಿದ ಹಾಗೆ.

ಜಿಗಟಯ್ಯ ಕಪ್ಪೆಯ ಮೇಲೆ ಕೂತೇ ಉಂಡೆಯನ್ನು ಒಂದು ಮಾರು ಎಳೆದ. ಹರಿಯಲಿಲ್ಲ.

ತನ್ನ ರೇಷ್ಮೆ ಶಾಲಿನ ಮೇಲೆ ಉರುಳಿಸಿದ. ಅಂಟಲಿಲ್ಲ. ತುಪ್ಪದ ಕಲೆಯಾಯಿತು. ಅದು ಪಂದ್ಯದಲ್ಲಿ ಇರಲಿಲ್ಲ.

"ಮೂರನೆಯದು, ತಿನ್ನಬೇಕು," ಎಂದ.

ದೇವೀರಿ ಒಂದು ತುಂಡು ಕಿತ್ತು ತಿಂದಳು. ಈ ಸಲ ಕಷ್ಟವಾಗಲಿಲ್ಲ.

"ನೀನಲ್ಲ ಕಣೇ, ಮಕ್ಕಳು. ಆಡಿದವರೇ ತಿನ್ನಬೇಕು."

"ಅವರ ಬಾಯಿ ಅಂಟಿದೆಯಲ್ಲ!"

"ಅದು ನಿಮ್ಮ ಪಾಡು." ಜಿಗಟಯ್ಯ ಹೊಟ್ಟೆ ಹಿಡಿದು ನಕ್ಕ. "ಪಂದ್ಯ ನನ್ನದು. ಕಿರೀಟ ತೆಗಿ ದೊರೆ."

ಚಿಕ್ಕರಸ ಕಿರೀಟಕ್ಕೆ ಕೈ ಹಾಕಿದ. ರಾಣಿ ಮಗಳಿಗಾಗಿ ಪಕ್ಕದಲ್ಲಿ ತಡಕಿದಳು. ಮಗಳು ಅಲ್ಲಿರಲಿಲ್ಲ. ಕಪ್ಪೆಯ ಮುಂದೆ ನಿಂತಿದ್ದಳು. ಅವಳಿಗೆ ತಿನ್ನಲು ಆಗುತ್ತಿರಲಿಲ್ಲ. ಮೂರು ವರ್ಷದವರು ಅಂಥ ಹೊತ್ತಿನಲ್ಲಿ ಇನ್ನೊಬ್ಬರಿಗೆ ತಿನ್ನಿಸುತ್ತಾರೆ. ತನ್ನ ಕೈಯಲ್ಲಿದ್ದ ಪುಟ್ಟ ಉಂಡೆಯನ್ನು ಕಪ್ಪೆಯ ಮೂಗಿಗೆ ಹಿಡಿದಳು.

ಬೆಲ್ಲ, ತುಪ್ಪ. ಕಪ್ಪೆಯ ಕಣ್ಣು ಅರಳಿತು.

"ಏಯ್! ಬಾಯಿ ತೆರೆಯಬೇಡ!" ಎಂದು ಜಿಗಟಯ್ಯ ಚೀರಿದ.

ಬೇಡ ಎಂದಮೇಲೆ ತೆರೆಯದ ಕಪ್ಪೆಯೂ ಇಲ್ಲ.

ಅದು ಬಾಯಿ ತೆರೆಯಿತು. ನಲವತ್ತು ದನಿಗಳು ಗುಬ್ಬಚ್ಚಿಗಳಂತೆ ಹಾರಿಬಂದು ತಮ್ಮ ತಮ್ಮ ಮಕ್ಕಳನ್ನು ಹುಡುಕಿದವು. ಎರಡು ಅದಲುಬದಲಾದವು. ಸ್ವಲ್ಪ ಹೊತ್ತಿನಲ್ಲಿ ಸರಿಹೋದವು. ಬಾಯಿಗಳು ಬಿಟ್ಟವು. ಕಪ್ಪೆ ಗಬಕ್ಕನೆ ಉಂಡೆ ನುಂಗಿತು.

"ಅದು ನಂದು!" ಎಂದು ಮುದ್ದಮ್ಮಣ್ಣಿ ಕೂಗಿದಳು. ಮೂರು ದಿನದಲ್ಲಿ ಅವಳ ಮೊದಲ ಮಾತು ಅದು. ದೊರೆ ಅಲ್ಲೇ ಕೂತು ಅತ್ತ.

ದನಿಗಳಿಲ್ಲದೆ ಕಪ್ಪೆ ಕುಗ್ಗಿ ಮುಷ್ಟಿಯಷ್ಟಾಯಿತು. ಜಿಗಟಯ್ಯ ಧೊಪ್ಪನೆ ಕೆಳಗೆ ಬಿದ್ದ.

"ನಾನು ಬಾಯಿಗೆ ಹಾಕಬೇಡಿ ಎಂದೇ ಹೇಳಿದ್ದೆ," ಎಂದ. "ನನ್ನದೇನು ತಪ್ಪು?"

ದೇವೀರಿ ಮುಂದೆ ಬಂದಳು. "ಮಕ್ಕಳ ಕೈಗೆ ಕೊಟ್ಟಿದ್ದೆಲ್ಲ ಬಾಯಿಗೆ ಕೊಟ್ಟಿದ್ದೇ ಸ್ವಾಮಿ. ಅದಕ್ಕೂ ಅಡುಗೆಮನೆಯ ನಿಯಮವೇ. ಮಾಡಿದವರು ಮೊದಲು ತಿನ್ನಬೇಕು. ಭಾನುವಾರ ಕೇಳಲು ಮರೆತೆವು."

"ಈಗ ಕೇಳೋಣ," ಎಂದ ಹುಚ್ಚಯ್ಯ. ಉಳಿದಿದ್ದ ಹಸಿರು ಉಂಡೆಯೊಂದನ್ನು ಬಾಳೆಲೆಯಲ್ಲಿ ತಂದಿಟ್ಟ. ಎಡಕ್ಕೆ ಉಪ್ಪು ಬಡಿಸುವುದನ್ನೂ ಮರೆಯಲಿಲ್ಲ.

ಕಾವಲಿನವರು ಸುತ್ತ ನಿಂತರು. ಜಿಗಟಯ್ಯ ತಿಂದ. ಬಾಯಿ ಅಂಟಿತು. ಬಿಡಿಸುವ ಮಂತ್ರ ಅವನೊಬ್ಬನಿಗೇ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಆವತ್ತಿನಿಂದ ಮಣಿಕಟ್ಟೆಯ ಮಕ್ಕಳು ಪ್ರತಿ ಗುರುವಾರ ಉಂಡೆ ನಾದುತ್ತಾರೆ. ಅರ್ಧ ಆಡುತ್ತಾರೆ, ಅರ್ಧ ತಿನ್ನುತ್ತಾರೆ. ದೇವೀರಿಯ ಮಣ್ಣಿ ಈಗಲೂ ಗಟ್ಟಿ. ಯಾರೂ ಏನೂ ಅನ್ನುವುದಿಲ್ಲ. ಜಿಗಟಯ್ಯ ಅರಮನೆಯ ಹಿತ್ತಲಲ್ಲಿ ಕಾಮಕಸ್ತೂರಿ ಗಿಡಗಳಿಗೆ ನೀರು ಹಾಕುತ್ತಾನೆ. ಹಸಿವಾದಾಗ ಅಂಬಲಿ ಕುಡಿಯುತ್ತಾನೆ, ಪರಂಗಿ ದಂಟಿನಲ್ಲಿ.