ಮುಖ ಕೊಟ್ಟವನು

"ಆ ಹಲಗಿ ಎತ್ತಬ್ಯಾಡ್ರಿ," ಎಂದಳು ದ್ಯಾಮವ್ವ. "ಕೆಳಗ ಮಗ್ಗದ ಕುಣಿ ಐತಿ. ಕುಣಿಯೊಳಗ ಇಟ್ಟದ್ದೊಂದೈತಿ. ಅದನ್ನ ಮುಟ್ಟಬಾರದು. ಮುಟ್ಟಿದ್ರೂ ಕಣ್ಣು ಮೂಗು ತಿದ್ದಿ ಅದಕ್ಕ ಮುಖ ಕೊಡಬಾರದು."

ಬೆಟಗೇರಿಯ ನೇಕಾರರ ಓಣಿಯ ಆ ಮನೆಯಲ್ಲಿ ಹಿಂಬದಿಯ ಕೋಣೆಯನ್ನು ಬಾಡಿಗೆ ಹಿಡಿದಿದ್ದ ಭಾರ್ಗವ ಹೆಗಲಿನ ಚೀಲ ಇಳಿಸುತ್ತಲೇ ನಕ್ಕ.

"ಹಾವು ಅದ ಅನ್ರಿ, ಹೆದರ್ತೀನಿ. ಮುಖ ಗಿಖ ಅಂದ್ರ ನಗಿ ಬರ್ತದ."

"ನಗಬ್ಯಾಡ್ರಿ. ಮಾಟದ್ದು ಅದು."

"ಹಂಗಿದ್ರ ನಮ್ಮ ಲ್ಯಾಬಿಗೆ ಕೊಡ್ರಿ. ಗಾಜಿನ ಮ್ಯಾಲ ಒಂದ್ ಚೂರು ಹಚ್ಚಿ, ಯಾವ ಮಾಟ ಅಂತ ರಿಪೋರ್ಟ್ ಬರದು ಕೊಡ್ತೀನಿ."

ದ್ಯಾಮವ್ವ ಸರಿದಿದ್ದ ಹಲಗೆಯನ್ನು ಕಾಲಿನಿಂದ ಒತ್ತಿ ಕೂಡಿಸಿ ಹೊರಟುಹೋದಳು.

ಭಾರ್ಗವನ ಊರು ಲಕ್ಷ್ಮೇಶ್ವರ. ಗದಗಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ದಿನವಿಡೀ ಕಫದ ಡಬ್ಬಿ, ಮಲದ ಶೀಸೆ, ಹುಣ್ಣಿನಿಂದ ಬಳಿದು ತಂದ ಕೀವು. ಮೊದಮೊದಲು ಊಟ ಸೇರುತ್ತಿರಲಿಲ್ಲ. ಆಮೇಲೆ ಅದೆಲ್ಲ ಹೇಗೆ ರೂಢಿಯಾಯಿತೆಂದರೆ, ಕೈ ತೊಳೆದು ಅದೇ ಕಟ್ಟಡದ ಮೆಟ್ಟಿಲ ಮೇಲೆ ಕುಳಿತು ಮಿರ್ಚಿ ತಿನ್ನುತ್ತಿದ್ದ. ತನಗೆ ಅಸಹ್ಯವೆಂಬುದೇ ಇಲ್ಲ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುವುದು ಅವನಿಗೆ ಒಂದು ಹೆಮ್ಮೆ.

ಮನೆಯಲ್ಲಿ ಇದ್ದವರು ಇಬ್ಬರೇ: ದ್ಯಾಮವ್ವ ಮತ್ತು ಅವಳ ಮೈದುನನ ಹೆಂಡತಿ, ನೆಗೆಣ್ಣಿ ಲಕ್ಷ್ಮೀದೇವಿ. ಗಂಡಂದಿರು ತೀರಿಹೋದ ಮೇಲೆ ಮಗ್ಗ ಮಾರಿ, ಅಂಗಡಿಯವರ ಸೀರೆಗಳಿಗೆ ಕುಚ್ಚು ಕಟ್ಟಿಕೊಂಡು ಬದುಕಿದ್ದರು. ದ್ಯಾಮವ್ವ ಗಂಟುಮೋರೆಯವಳು. ಲಕ್ಷ್ಮೀದೇವಿ ಹಾಗಲ್ಲ. ಐವತ್ತು ದಾಟಿದ್ದರೂ ನುಣುಪು ಮುಖ, ಮಾತಿಗೊಮ್ಮೆ ನಗು. ಬಿಸಿ ರೊಟ್ಟಿ, ಝುಣಕ ತಂದು, "ತಮ್ಮಾ, ಉಣ್ಣಪಾ ಮೊದಲ, ಆಮ್ಯಾಲ ಗೊಂಬಿ ಆಡಕೋ" ಎಂದು ರೇಗಿಸುತ್ತಿದ್ದಳು.

ಗೊಂಬೆಯ ಹುಚ್ಚು ಅವನಿಗೆ ಈಚೆಗೆ ಹಿಡಿದದ್ದು. ಮೊಬೈಲಿನಲ್ಲಿ ಯಾರೋ ಹೆಬ್ಬೆರಳಿನಷ್ಟು ಪುಟ್ಟ ಯೋಧರಿಗೆ, ರಾಕ್ಷಸರಿಗೆ ಬಣ್ಣ ಬಳಿಯುವುದನ್ನು ನೋಡಿ ತಾನೂ ಒಂದನ್ನು ತರಿಸಿದ್ದ. ಯಾವ ಪುರಾಣಕ್ಕೂ ಸೇರದ ಒಬ್ಬ ಕಾಲ್ಪನಿಕ ರಾಣಿ. ತಲೆಯ ಮೇಲೆ ಟಗರಿನ ಕೊಂಬು, ಕೈಯಲ್ಲಿ ಕೊಡಲಿ. ಪೆಟ್ಟಿಗೆ ಬಿಚ್ಚಿದಾಗ ಅವಳ ಮುಖ ಒಡೆದಿತ್ತು. ಹುಬ್ಬಿನಿಂದ ಗದ್ದದವರೆಗೆ ಒಂದು ಹಳ್ಳ, ಅಷ್ಟೆ. ಕೊಳಾಯಿ ಸೋರಿಕೆಗೆ ಮೆತ್ತುವ ಅಂಟನ್ನು ತಂದು ತುಂಬಿದ. ಅದು ಮೂಗಾಗುವ ಮೊದಲೇ ಕಲ್ಲಾಯಿತು. ಬ್ಲೇಡಿನಿಂದ ಕೆರೆದು ತೆಗೆದ. ಮತ್ತೆ ತುಂಬಿದ, ಮತ್ತೆ ಕೆರೆದ.

ಒಂದು ರವಿವಾರ ಮಧ್ಯಾಹ್ನ ಅವನ ಬಳಿ ಇದ್ದ ಏಕೈಕ ಸಣ್ಣ ಕುಂಚ ಮೇಜಿನಿಂದ ಉರುಳಿ ಹಲಗೆಗಳ ಸಂದಿಯಲ್ಲಿ ಬಿತ್ತು. ಭಾರ್ಗವ ಒಂದು ಗಳಿಗೆಯೂ ಯೋಚಿಸದೆ ಹಲಗೆ ಎತ್ತಿದ.

ಮೊದಲು ಬಂದದ್ದು ವಾಸನೆ. ನೂಲಿಗೆ ಹಚ್ಚುವ ಗಂಜಿ ಹುಳಿತು ವರ್ಷಗಟ್ಟಲೆ ನಿಂತಂಥ ವಾಸನೆ; ಅದರಡಿಯಲ್ಲಿ ಕಮಟು ಔಡಲೆಣ್ಣೆ; ಅದರಡಿಯಲ್ಲಿ, ತೆಳ್ಳಗೆ, ಗಾಯದ ಪಟ್ಟಿ ಬಿಚ್ಚಿದಾಗ ಬರುವಂಥದ್ದು. ನೇಯುವವನೊಬ್ಬ ಕಾಲು ಇಳಿಬಿಟ್ಟು ಕೂರುವಷ್ಟೇ ಆಳದ ಕುಣಿ. ಭಾರ್ಗವ ಇಳಿದ. ಕುಂಚ ಸಿಕ್ಕಿತು. ಅದರ ಪಕ್ಕದಲ್ಲೇ ಗೋಡೆಯ ಗೂಡೊಂದಕ್ಕೆ ಮೆತ್ತಿದ ಸಗಣಿ ಒಣಗಿ ಬಿರುಕು ಬಿಟ್ಟಿತ್ತು. ಬೆರಳು ತಾಗಿದ್ದೇ ತಡ, ಹಪ್ಪಳದಂತೆ ಉದುರಿತು. ಒಳಗೆ ಬಟ್ಟೆಯ ಗಂಟು. ಗಂಟಿನಲ್ಲಿ ಕಪ್ಪು ಕಂದಾದ ಒಂದು ಮೇಣದ ಉಂಡೆ.

"ಇಷ್ಟೇ ಏನು ಇವರ ಮಾಟ!" ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ.

ಚಿಟಿಕೆಯಷ್ಟು ಕಿತ್ತುಕೊಂಡು, ಉಳಿದದ್ದನ್ನು ಗೂಡಿನಲ್ಲೇ ಬಿಟ್ಟು ಮೇಲೆ ಬಂದು, ಗೊಂಬೆಯ ಮುಖದ ಹಳ್ಳಕ್ಕೆ ಒತ್ತಿದ. ಅದು ತಾನಾಗಿ ಒಳಗೆ ಸರಿದು ಕುಳಿತಂತೆ ತುಂಬಿಕೊಂಡಿತು. ಸೂಜಿಯ ಮೊನೆ ಆಡಿಸಿದ. ಮೂಗು ಬಂತು. ಕಣ್ಣಿನ ಗುಳಿ ಬಂತು. ತುಟಿಯ ಅಂಚು, ಮೂಗಿನ ಹೊಳ್ಳೆಯ ತಿರುವು. ಕಲಿಯುತ್ತಿರುವವನ ಕೈಗೆ ಬರಬಾರದಷ್ಟು ಚೆನ್ನಾಗಿ ಬಂತು. ಗಲ್ಲದ ಬಳಿ ಒಂದು ಕೂದಲು ಚಾಚಿತ್ತು. ಚಿಮುಟದಿಂದ ಹಿಡಿದು ಎಳೆದ. ಬಂತು. ಇನ್ನೂ ಬಂತು. ಇಡೀ ಗೊಂಬೆಗಿಂತ ಉದ್ದದ ಕೂದಲು, ಬುಡದಲ್ಲಿ ಬಿಳಿಯ, ಒದ್ದೆಯ ಗಂಟು. ಅದನ್ನು ಕಿಟಕಿಯಾಚೆ ಒಗೆದು ಕೆಲಸ ಮುಂದುವರಿಸಿದ.

ಹಳದಿಗೆ ಬಿಳಿ, ಒಂದು ಚೂರು ಕೆಂಪು ಬೆರೆಸಿ ಮೈಬಣ್ಣ ಮಾಡಿದ. ಕಣ್ಣ ಕೆಳಗಿನ ನೆರಳಿಗೆ ತೆಳು ನೇರಳೆ. ಕುಂಚದ ಎಳೆಗಳು ಕೆದರಿದಾಗಲೆಲ್ಲ ಅದರ ತುದಿಯನ್ನು ತುಟಿಯ ನಡುವೆ ಇಟ್ಟು, ನಾಲಿಗೆಯಿಂದ ತಿರುವಿ ಮೊನೆ ಮಾಡಿಕೊಳ್ಳುತ್ತಿದ್ದ. ಮೊಬೈಲಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮೇಣ ತಾಗಿದ ಕುಂಚಕ್ಕೆ ಸಿಹಿಯಾದ ರುಚಿ. ಹಲ್ಲು ಕಿತ್ತ ವಸಡಿನ ಸಿಹಿ.

ಕೊನೆಗೆ ಕಣ್ಣು. ಬಿಳಿ ಇಟ್ಟ. ಎಡಗಣ್ಣಿಗೆ ಕಪ್ಪು ಚುಕ್ಕೆ. ಕುಂಚವನ್ನು ಬಾಯಲ್ಲಿ ತಿರುವಿ ಬಲಗಣ್ಣಿಗೆ ಕಪ್ಪು ಚುಕ್ಕೆ.

ಓಣಿಯ ಯಂತ್ರಮಗ್ಗಗಳು ಒಮ್ಮೆಲೇ ನಿಂತವು. ಕರೆಂಟು ಹೋಗಿತ್ತು. ಆ ದಿಢೀರ್ ನಿಶ್ಶಬ್ದದಲ್ಲಿ ಅಡುಗೆಮನೆಯಿಂದ ಲಕ್ಷ್ಮೀದೇವಿಯ ದನಿ ಕೇಳಿತು. "ಅಕ್ಕಾ, ಯಾರೋ ನನ್ನ ನೋಡಾಕತ್ತಾರಲ್ಲ?"

ಸಂಜೆ ಅವಳು ರೊಟ್ಟಿ ತಂದಾಗ ಸೆರಗು ಮೂಗಿನ ಮೇಲಿತ್ತು. "ಗುಳ್ಳಿ ಎದ್ದೈತಿ ತಮ್ಮಾ, ಉಷ್ಣ ಆಗಿರಬೇಕು," ಎಂದಳು. ಮರುದಿನ ಗುಳ್ಳೆ ಒಡೆಯಿತು. ಅದರ ಮರುದಿನ ತುಟಿ ಬಾತು ಹೊರಳಿತು. ವೈದ್ಯರು ಕೊಟ್ಟ ಮುಲಾಮು ಚರ್ಮದ ಮೇಲೆ ನಿಲ್ಲದೆ ಜಾರಿಹೋಗುತ್ತಿತ್ತು. ಮನೆಯ ತುಂಬ ಆ ವಾಸನೆ, ಕುಣಿಯಲ್ಲಿದ್ದದ್ದು. ಭಾರ್ಗವನ ಬಾಯಲ್ಲೂ ಅದೇ. ಬೆಳಿಗ್ಗೆ ಹಲ್ಲುಜ್ಜುವಾಗ ನಾಲಿಗೆಯಡಿ ಕೂದಲು ಸಿಕ್ಕಿತು. ಎಳೆದರೆ ಗಂಟಲಿನ ಒಳಗೆಲ್ಲೋ ಚುಳ್ಳೆಂದಿತು. ರೊಟ್ಟಿಯ ಜೊತೆ ಬಂದಿರಬೇಕು ಎಂದುಕೊಂಡು ಕತ್ತರಿಯಿಂದ ಕತ್ತರಿಸಿದ.

ಅವಳ ಹುಣ್ಣಿನಿಂದ ಹತ್ತಿಯಲ್ಲಿ ಬಳಿದುಕೊಂಡು ಅವನೇ ಪ್ರಯೋಗಾಲಯಕ್ಕೆ ಒಯ್ದ. ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೀವಿನ ಕಣಗಳಿರಲಿಲ್ಲ. ಯಾವ ರೋಗಾಣುವೂ ಇರಲಿಲ್ಲ. ಮೇಣದ ಹನಿಗಳಿದ್ದವು. ಅವುಗಳ ನಡುವೆ ಹಳದಿ, ಬಿಳಿ, ಕೆಂಪಿನ ಪುಡಿ. ಒಂದು ಮೂಲೆಯಲ್ಲಿ ತೆಳು ನೇರಳೆ.

ಅವನು ಗಾಜನ್ನು ಅಲ್ಲೇ ಬಿಟ್ಟು ಎದ್ದ. ಮಧ್ಯಾಹ್ನದ ಬಿಸಿಲಲ್ಲೇ ಬೈಕ್ ಹತ್ತಿ ಮನೆಗೆ ಧಾವಿಸಿದ.

ಗೊಂಬೆ ಮೇಜಿನ ಮೇಲಿತ್ತು. ಬಣ್ಣ ಇನ್ನೂ ಆರಿರಲಿಲ್ಲ. ಕೊಂಬಿನ ಕೆಳಗಿದ್ದದ್ದು ರಾಣಿಯ ಮುಖವಲ್ಲ, ಲಕ್ಷ್ಮೀದೇವಿಯದು. ಬಾತ ತುಟಿಯ ಸಮೇತ. ಅಳಿಸಿಬಿಟ್ಟರೆ ಮುಗಿಯಿತಲ್ಲ, ಎಂದುಕೊಂಡ. ಹತ್ತಿಗೆ ಸ್ಪಿರಿಟ್ ಸುರಿದ. ಎಡಗೆನ್ನೆಯ ಮೇಲಿಟ್ಟು ಒಮ್ಮೆ ಉಜ್ಜಿದ.

ಹೊರಗಿನ ಪಡಸಾಲೆಯಿಂದ ಎದ್ದ ಕಿರುಚಾಟ ಮನುಷ್ಯರದು ಎನಿಸಲಿಲ್ಲ.

ಓಡಿ ಹೋದ. ಲಕ್ಷ್ಮೀದೇವಿ ನೆಲದ ಮೇಲೆ ಹೊರಳುತ್ತಿದ್ದಳು. ಎಡಗೆನ್ನೆಯ ಚರ್ಮ, ಹಾಲಿನ ಕೆನೆ ಸರಿದಂತೆ ಸರಿದು, ಗದ್ದದ ಬಳಿ ಮಡಿಕೆಯಾಗಿ ನೇತಾಡುತ್ತಿತ್ತು. ಅವನ ಕೈಯಲ್ಲಿನ್ನೂ ಹತ್ತಿಯಿತ್ತು. ಹತ್ತಿಯ ಮೇಲೆ ಮೈಬಣ್ಣ.

ದ್ಯಾಮವ್ವ ಹತ್ತಿಯನ್ನು ನೋಡಿದಳು. ಅವನನ್ನು ನೋಡಿದಳು.

"ಮುಖ ಕೊಟ್ಟಿಯೇನು?"

ಅವನು ಹೌದೆಂದು ತಲೆಯಾಡಿಸಿದ.

"ಕಣ್ಣೂ ಇಟ್ಟಿಯೇನು?"

ಅವನು ಅಳತೊಡಗಿದ.

ದ್ಯಾಮವ್ವ ಬೈಯಲಿಲ್ಲ. ನೆಗೆಣ್ಣಿಯ ಕೆನ್ನೆಗೆ ಒದ್ದೆ ಬಟ್ಟೆ ಹೊಚ್ಚುತ್ತ, ಅವನ ಕಡೆ ತಿರುಗದೆ ಹೇಳಿದಳು. ಲಕ್ಷ್ಮೀದೇವಿ ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಚೆಲುವು ಕಂಡು ಯಾರೋ ಮಾಡಿಸಿದ ಮಾಟವದು. ಇಡೀ ಮುಖ ಕೊಳೆತಿತ್ತು. ಮುಂಡರಗಿ ಕಡೆಯ ಇಸ್ಮಾಯಿಲಸಾಬ ಬಂದು ತೆಗೆದಿದ್ದ. ತೆಗೆಯಲು ಇದ್ದದ್ದು ಒಂದೇ ದಾರಿ. ಮನೆಯವರು ಯಾರಾದರೂ ಆ ಹುಣ್ಣಿಗೆ ಬಾಯಿ ಹಚ್ಚಿ ಹೀರಬೇಕು, ಹೀರಿದ್ದನ್ನು ಮೇಣದಲ್ಲಿ ಉಗುಳಿ ನಾದಬೇಕು. ಗಂಡಸರು ಹೇಸಿ ಹೊರಗೆ ಹೋದರು.

"ನಾ ಹೀರಿದ್ನಿ," ಎಂದಳು ದ್ಯಾಮವ್ವ. "ಅವತ್ತಿಂದ ನನ್ನ ಬಾಯಿಗೆ ಉಪ್ಪೂ ಗೊತ್ತಿಲ್ಲ, ಖಾರಾನೂ ಗೊತ್ತಿಲ್ಲ. ಸುಟ್ರ ಆಕಿ ಸುಡ್ತಾಳ, ಅದಕ್ಕ ಹಂಗ ಇಟ್ಟಿದ್ವಿ. ಮುಖ ಇಲ್ಲದಿದ್ರ ಅದಕ್ಕ ದಾರಿ ಕಾಣೂದಿಲ್ಲ."

ಕೀವು, ಎಂಜಲು, ಮೇಣ. ತಾನು ನಾಲಿಗೆಯ ಮೇಲೆ ತಿರುವಿ ತಿರುವಿ ಮೊನೆ ಮಾಡಿದ್ದು ಅದನ್ನೇ. ಭಾರ್ಗವ ಅಂಗಳಕ್ಕೆ ಓಡಿ ವಾಂತಿ ಮಾಡಿದ. ಹೊರಬಿದ್ದದ್ದರಲ್ಲಿ ಅನ್ನವಿರಲಿಲ್ಲ. ಕೂದಲಿನ ಸಿಂಬೆಯಿತ್ತು.

ಫೋನು ಮಾಡಿ ಕರೆಸಿದ ಇಸ್ಮಾಯಿಲಸಾಬ ಆಟೋದಿಂದ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ಬೆನ್ನು ಬಾಗಿದ ಮುದುಕ. ಮೊದಲು ಲಕ್ಷ್ಮೀದೇವಿಯನ್ನು ನೋಡಲಿಲ್ಲ. ಭಾರ್ಗವನ ಗದ್ದ ಹಿಡಿದು, "ಬಾಯಿ ತಗಿ ಬೇಟಾ," ಎಂದ. ತೆರೆದ ಬಾಯಿಗೆ ಬ್ಯಾಟರಿ ಬೆಳಕು ಹಿಡಿದು, ತನ್ನ ಮುಖ ಆಚೆ ಹೊರಳಿಸಿದ.

"ಹೋದ ಸಲ ಹೀರಿದಾಕಿ ದ್ಯಾಮವ್ವ. ಈ ಸಲ ಆಕೀ ಕಡಿಂದ ಆಗೂದಿಲ್ಲ. ಮುಖ ಕೊಟ್ಟಾವನೇ ಮುಖ ತಗೀಬೇಕು. ಆ ಗೊಂಬಿ ಮುಖಕ್ಕ ಬಾಯಿ ಹಚ್ಚು. ಹೀರು. ಅಗೀಬ್ಯಾಡ. ನುಂಗಬ್ಯಾಡ. ಬಂದದ್ದನ್ನ ಇದರಾಗ ಉಗುಳು." ಹಿತ್ತಾಳೆ ತಟ್ಟೆಯಲ್ಲಿ ಹೊಸ ಮೇಣ ಕಾಯಿಸಿ ಮೆತ್ತಗೆ ಮಾಡಿಟ್ಟ.

"ಆಗೂದಿಲ್ರಿ," ಎಂದ ಭಾರ್ಗವ. "ಹೇಸಿಕಿ ಬರ್ತದ."

"ಬರಬೇಕು," ಎಂದ ಮುದುಕ.

ಲಕ್ಷ್ಮೀದೇವಿ ಚಾಪೆಯ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಒಂದು ಕಣ್ಣು ಆಗಲೇ ಊದಿ ಮುಚ್ಚಿತ್ತು. ಮಾತಾಡಲು ಹೊರಟರೆ ತುಟಿ ಪಿಚಕ್ಕೆನ್ನುತ್ತಿತ್ತು.

ಭಾರ್ಗವ ಗೊಂಬೆಯನ್ನು ಎತ್ತಿ ಬಾಯಿಗಿಟ್ಟ.

ಬೆಚ್ಚಗಿತ್ತು. ಹೀರಿದ. ಸಿಹಿ, ಕಮಟು, ಉಪ್ಪು. ಮತ್ತೆ ಹೀರಿದ. ಪುಟ್ಟ ಮೂಗು ನಾಲಿಗೆಗೆ ತಾಗಿತು. ತುಟಿಗಳು ತಾಗಿದವು. ತುಟಿಗಳು ಅಲುಗಿದವು. ಮುಖ ಗೊಂಬೆಯಿಂದ ಬಿಟ್ಟಿತು. ಇಡಿಯಾಗಿ. ಗೊಂಬೆ ಕೆಳಗೆ ಬಿತ್ತು. ಮುಖ ಬಾಯಲ್ಲಿ ಉಳಿಯಿತು. ಉಬ್ಬತೊಡಗಿತು. ಒಂದು ಗಲ್ಲ ತುಂಬಿತು, ಎರಡೂ ತುಂಬಿದವು.

"ಉಗುಳು!"

ಬಗ್ಗಿದ. ಬರಲಿಲ್ಲ. ನಾಲಿಗೆಯ ಬುಡದ ಕೂದಲು ಅದನ್ನು ಸುತ್ತಿ ಹಿಡಿದಿತ್ತು. ಬೆರಳು ತುರುಕಿ ಎಳೆದ. ಚಾಪೆಯ ಮೇಲೆ ಲಕ್ಷ್ಮೀದೇವಿಯ ತುಟಿ, ಯಾರೋ ದಾರ ಕಟ್ಟಿ ಜಗ್ಗಿದಂತೆ, ಅವನ ಕಡೆಗೆ ಚಾಚಿಕೊಂಡಿತು. ಇನ್ನೂ ಎಳೆದ. ಅವಳ ಬಾಯಿಯ ಮೂಲೆ ಹರಿಯಿತು. ರಕ್ತ.

"ಬಿಡೋ! ಹರೀತೈತಿ!" ದ್ಯಾಮವ್ವ ಚೀರಿದಳು. "ಆಕೀ ಮುಖ ಹರೀತೈತೋ!"

ಎಳೆದರೆ ಅವಳು ಹರಿಯುತ್ತಾಳೆ. ಬಿಟ್ಟರೆ ತನಗೆ ಉಸಿರಿಲ್ಲ. ಮುದುಕ ನುಂಗಬೇಡ, ನುಂಗಬೇಡವೆಂದು ಕೈ ಆಡಿಸುತ್ತಿದ್ದ. ಲಕ್ಷ್ಮೀದೇವಿಯ ತೆರೆದಿದ್ದ ಒಂದು ಕಣ್ಣು ಇವನನ್ನೇ ನೋಡುತ್ತಿತ್ತು. ಬೇಡುತ್ತಿತ್ತು.

ಭಾರ್ಗವ ಬೆರಳು ತೆಗೆದ. ಬಾಯಿ ಮುಚ್ಚಿದ. ನುಂಗಿದ.

ಅದು ಇಳಿಯುವುದು ಅವನಿಗೆ ತಿಳಿಯಿತು. ಗಂಟಲಲ್ಲಿ ಒಮ್ಮೆ ಹೊರಳಿತು. ಎದೆಯಲ್ಲಿ ನಿಂತಿತು. ಇಳಿಯಿತು.

ಲಕ್ಷ್ಮೀದೇವಿಯ ಹುಣ್ಣುಗಳ ಸೋರಿಕೆ ನಿಂತಿತು. ಅವಳು ದೀರ್ಘವಾಗಿ ಉಸಿರೆಳೆದು, ಎಷ್ಟೋ ದಿನಗಳ ಮೇಲೆ ನಿದ್ದೆ ಹೋದಳು. ಇಸ್ಮಾಯಿಲಸಾಬ ತಟ್ಟೆಯಲ್ಲಿ ಹಾಗೆಯೇ ಉಳಿದಿದ್ದ ಮೇಣವನ್ನು ನೋಡಿದ. ಆಮೇಲೆ ಭಾರ್ಗವನನ್ನು.

"ಮೇಣಕ್ಕ ಮುಖ ಇರಲಿಲ್ಲ," ಎಂದ ಮೆಲ್ಲಗೆ. "ನಿನಗೈತಿ ಬೇಟಾ."

ದ್ಯಾಮವ್ವ ತಂದ ಚಹಾವನ್ನು ಮುಟ್ಟದೆ ಮುದುಕ ಆಟೋ ಹತ್ತಿದ.

ಲಕ್ಷ್ಮೀದೇವಿ ಚೇತರಿಸಿಕೊಂಡಳು. ಎಡಗೆನ್ನೆಯ ಮೇಲೆ ಬಿಳಿಯ ಕಲೆ, ಬಾಯಿಯ ಮೂಲೆಯಲ್ಲಿ ಒಂದು ಹೊಲಿಗೆ. ಭಾರ್ಗವನಿಗೆ ದಿನವೂ ರೊಟ್ಟಿ ತಂದಳು. ಆದರೆ ಒಳಗೆ ಬರುತ್ತಿರಲಿಲ್ಲ. ಉಸಿರು ಹಿಡಿದು ಹೊಸ್ತಿಲ ಮೇಲೆ ತಟ್ಟೆ ಇಟ್ಟು ಬಿರಬಿರನೆ ಹೋಗಿಬಿಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರುತ್ತಿತ್ತು, ಮೂಗಿನ ಮೇಲೆ ಸೆರಗಿರುತ್ತಿತ್ತು. ಪ್ರಯೋಗಾಲಯದವರೂ ಅವನ ಬಾಯಿಯ ವಾಸನೆ ತಾಳದೆ ಸ್ವಲ್ಪ ದಿನ ಮನೆಯಲ್ಲೇ ಇರು ಎಂದರು. ಅವನಿಗೂ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಶೀಸೆಗಳನ್ನು ನೆನೆದರೇ ಹೇಸಿಕೆಯಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನದೇ ಎಂಜಲನ್ನು ನುಂಗಬೇಕಾದಾಗಲೆಲ್ಲ.

ಮಗ ಫೋನು ಎತ್ತದಿದ್ದುದಕ್ಕೆ ಗಾಬರಿಯಾಗಿ ಭಾರ್ಗವನ ತಾಯಿ ಸುಂದರಾಬಾಯಿ ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದಳು. ಭಾರ್ಗವ ಕಿಟಕಿ ಮುಚ್ಚಿ ಗೋಡೆಯ ಕಡೆ ತಿರುಗಿ ಕುಳಿತಿದ್ದ.

"ಏನಾಗೇದೋ ನನ್ನ ಕಂದಾ? ಇಕಡೆ ತಿರುಗು."

"ಬ್ಯಾಡವ್ವಾ. ದೂರ ನಿಂದ್ರು."

"ಹಡೆದಾಕಿ ನಾನು. ದೂರ ಯಾಕ ನಿಂದರ್ಲಿ?"

ಅವಳು ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎಳೆಯ ಕೂಸಿನ ಮುಖ ಹಿಡಿಯುವಂತೆ ಎರಡೂ ಅಂಗೈಗಳಲ್ಲಿ ಅವನ ಕೆನ್ನೆಗಳನ್ನು ಹಿಡಿದಳು. ಎಷ್ಟು ಸೊರಗಿದ್ದೀಯೋ ಎನ್ನುತ್ತ ಒತ್ತಿ ಸವರಿದಳು. ಕೈ ತೆಗೆದಳು.

ಅವಳ ಹತ್ತೂ ಬೆರಳುಗಳು ಅವನ ಮುಖದಲ್ಲಿ ಆಳವಾಗಿ ಮೂಡಿದ್ದವು. ಮೂಗು ಒಂದು ಬದಿಗೆ ಸರಿದು ಅಲ್ಲೇ ನಿಂತಿತ್ತು.

ಸುಂದರಾಬಾಯಿ ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ, ತಾನೇನು ಮಾಡುತ್ತಿದ್ದೇನೆಂದು ತನಗೇ ತಿಳಿಯದೆ, ಅವನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತ, ಒರೆಸಿಕೊಳ್ಳುತ್ತಲೇ ಬಾಗಿಲವರೆಗೆ ಹಿಂದೆ ಸರಿದಳು.