ಅವ್ವನ ಪಟ್ಟೆಗಲ್ಲು

ಕೆಮ್ಮಣ್ಣು ಬಳಿದ ಗಡಿಗೆಯನ್ನು ಮಡಿಲಿಗೆಳೆದುಕೊಂಡು ಸುಂಕಮ್ಮ ತೆಂಗಿನ ಚಿಪ್ಪಿಗೆ ಕೈ ಹಾಕಿದಳು. ಚಿಪ್ಪು ಬರಿದಾಗಿತ್ತು. ಗಡಿಗೆಗೆ ಹೊಳಪು ಬರಲು ಉಜ್ಜುವ ಕಲ್ಲು ಅಲ್ಲಿರಲಿಲ್ಲ.

"ಗಾಳೆಮ್ಮ, ಕಲ್ಲು ಕಂಡಿಯೇನು?"

ಊಟಕ್ಕೆಂದು ಶಾಲೆಯಿಂದ ಬಂದ ಮಗಳು ಬಾಗಿಲಲ್ಲೇ ನಿಂತಳು. "ಸಾಲ್ಯಾಗ ಐತವ್ವ. ಮಾಸ್ತರಿಗೆ ತೋರ್ಸಾಕ ಒಯ್ದಿದ್ದೆ. ನಾಳೆ ಸಾಲಿ ನೋಡಾಕ ಬಳ್ಳಾರಿಯಿಂದ ಇನ್ಸ್‌ಪೆಕ್ಟರ್ ದೊರೆ ಬರ್ತಾರಂತ. ಅವರಿಗೆ ತೋರ್ಸಾಕ ಬೀರುದಾಗ ಇಟ್ಟಾರ."

ಸುಂಕಮ್ಮ ಬರಿ ಚಿಪ್ಪನ್ನು ಬೋರಲು ಹಾಕಿದಳು.

"ಅದು ಅಗೇಟ್ ಅಂತವ್ವ. ಭಾಳ ದೂರದ ದೇಶದಾಗ ಅಕಾಟಿಸ್ ಅಂತ ಒಂದು ಹೊಳಿ ಇತ್ತಂತ. ಅಲ್ಲಿ ಸಿಕ್ಕಿದ್ದಕ್ಕ ಆ ಹೊಳಿ ಹೆಸರೇ ಕಲ್ಲಿಗೂ ಬಂತಂತ."

"ಹಂಗೇನು? ಇದು ಸಿಕ್ಕಿದ್ದು ನಮ್ಮ ಕಂಪ್ಲಿ ಹೊಳ್ಯಾಗ. ನಿಮ್ಮಜ್ಜಿ ಭರಮಮ್ಮ ಮೂರು ದಿನ ಮೊಣಕಾಲ ನೀರಾಗ ನಿಂತು ಹುಡುಕಿದ್ದು. ಕಲ್ಲಿಗೆ ಆಕಿ ಹೆಸರು ಯಾರು ಇಟ್ರು?"



ಅವ್ವ ಸೀಸೆಯ ತಳದಿಂದ ಉಜ್ಜಿ ನೋಡಿದಳು. ಗಡಿಗೆಯ ಮೈಮೇಲೆ ಗೀರು ಬಿತ್ತು. ಇನ್ನೂ ಎಂಟು ಗಡಿಗೆಗಳು ನೆರಳಲ್ಲಿ ಸಾಲಾಗಿ ಕೂತಿದ್ದವು. ಹಸಿ ಪೂರ್ತಿ ಆರಿದರೆ ಯಾವ ಕಲ್ಲಿಗೂ ಹೊಳಪು ಏಳುವುದಿಲ್ಲ.

"ಹೋಗ್ಲಿ ಬಿಡು. ಉಣ್ಣು ಬಾ," ಎಂದಳು ಅವ್ವ. ಬೈದಿದ್ದರೇ ಚೆನ್ನಾಗಿತ್ತು.

ಗಾಳೆಮ್ಮ ಉಣ್ಣದೆ ಶಾಲೆಗೆ ಓಡಿದಳು.

ಜಡೆಪ್ಪ ಮಾಸ್ತರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಸರ, ಕಲ್ಲು ಕೊಡ್ರಿ. ಗಡಿಗಿ ಆರಾಕ ಹತ್ಯಾವ."

"ಲೇ, ಗಡಿಗಿಗೆ ಅಗೇಟೇನ? ನಾಳೆ ದೊರೆಗೆ ನಾ ಏನು ತೋರಿಸ್ಲಿ, ನನ್ನ ಪೇಟಾನ?"

"ಕಲ್ಲು ಮುಂಜಾನೆ ತರ್ತೀನ್ರಿ. ಅದರಿಂದ ಉಜ್ಜಿದ ಗಡಿಗಿನೂ ತರ್ತೀನಿ. ಎರಡೂ ತೋರಿಸ್ರಿ."

ಮಾಸ್ತರು ಅವಳ ಮುಖವನ್ನೊಮ್ಮೆ ನೋಡಿ, ನಗುತ್ತ ಬೀರುವಿನ ಕೀಲಿ ತೆಗೆದರು.

ಕಲ್ಲು ಮನೆಗೆ ಬಂದದ್ದೇ ಅವ್ವ ಗಡಿಗೆಗೆ ಒದ್ದೆ ಬಟ್ಟೆ ಸವರಿ ಉಜ್ಜತೊಡಗಿದಳು. ಕಲ್ಲು ಹೋದಲ್ಲೆಲ್ಲ ಕೆಂಪು ಮಿನುಗಿತು. ಆಗಲೇ ಪೂರ್ತಿ ಆರಿದ್ದ ಎರಡು ಗಡಿಗೆಗಳು ಮಾತ್ರ ಮಂಕಾಗಿಯೇ ಉಳಿದವು. ಅವ್ವ ಅವನ್ನು ಪಕ್ಕಕ್ಕೆ ಸರಿಸಿದಳು.

ಕೆಲಸ ಮುಗಿದ ಮೇಲೆ ಗಾಳೆಮ್ಮ ಕಲ್ಲನ್ನು ತೊಳೆದಳು. ಬಿಳಿ, ಕಂದು, ಮತ್ತೆ ಬಿಳಿ. ಪಟ್ಟೆಗಳು ಸುತ್ತಿಕೊಂಡು ಬಂದಿದ್ದವು. ಒಂದು ಮಗ್ಗುಲಲ್ಲಿ ಮಾತ್ರ ಕಲ್ಲು ಸವೆದು ಚಪ್ಪಟೆಯಾಗಿ, ಅಲ್ಲಿ ಪಟ್ಟೆಗಳು ಅರ್ಧಕ್ಕೇ ನಿಂತಿದ್ದವು. ಮೊದಲು ಅಜ್ಜಿ ಉಜ್ಜಿದ್ದು, ಆಮೇಲೆ ಅವ್ವ. ಇಷ್ಟು ಗಟ್ಟಿ ಕಲ್ಲು ಇಷ್ಟು ಸವೆಯಬೇಕಾದರೆ ಎಷ್ಟು ಗಡಿಗೆಗಳಾಗಿರಬೇಕು? ಅವಳು ಅಲ್ಲಿ ಬೆರಳಿಟ್ಟು ನೋಡಿದಳು.

ನಾಳೆ ದೊರೆ ಕಲ್ಲಿನ ಹೆಸರು ಕೇಳುತ್ತಾರೆ. ಅಗೇಟ್ ಎನ್ನುವ ಮೊದಲು ಇನ್ನೊಂದು ಹೆಸರು ಹೇಳಬೇಕು, ಭರಮಮ್ಮ ಎಂದು.

"ಏನು ಯೋಚ್ನಿ ಮಾಡಾಕ ಹತ್ತೀಯೇ?" ಅವ್ವ ಕೇಳಿದಳು.

"ಏನಿಲ್ಲವ್ವ," ಎಂದು ಗಾಳೆಮ್ಮ ಕಲ್ಲನ್ನು ಚಿಪ್ಪಿನಲ್ಲಿಟ್ಟಳು.